ಓದದೆ ಹಾಕಿದ ಸಹಿ

ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ಹೊಂದುವುದಿಲ್ಲ. ಏಳು ವರ್ಷ ಮಾಡಿದ ಕೆಲಸವನ್ನು ಮೂವತ್ತೈದು ತುಂಬುವ ಮೊದಲೇ ಬಿಟ್ಟವಳು ನಾನು. ಆ ಕೆಲಸಕ್ಕೆ ಇನ್ನೆಂದೂ ಹೋಗುವುದಿಲ್ಲವಾದ್ದರಿಂದ ಅದನ್ನು ನಿವೃತ್ತಿ ಎಂದೇ ಕರೆದುಕೊಳ್ಳುತ್ತೇನೆ. ಈಚೆಗೆ ನನ್ನ ಜಾಗಕ್ಕೆ ಬಂದಿರುವ ಹುಡುಗಿ ಫೋನ್ ಮಾಡಿ, "ಅಕ್ಕಾ, ಅಲ್ಲಿ ಕೆಲಸ ಕಷ್ಟ ಇರುತ್ತಾ?" ಎಂದು ಕೇಳಿದಳು. ಕಷ್ಟವೇನಿಲ್ಲ ಎಂದೆ. ಫೋನ್ ಇಟ್ಟ ಮೇಲೆ ಸಿಟ್ಟು ಬಂತು, ಅವಳ ಮೇಲಲ್ಲ. ಆ ಕೆಲಸವನ್ನು ಕಷ್ಟವೇ ಇಲ್ಲದಂತೆ ಮಾಡಿಟ್ಟಿದ್ದಾರೆ. ಅದರಿಂದ ಏನಾಗುತ್ತದೆ ಎಂದು ಅವಳಿಗೆ ನಾನು ಹೇಳಬೇಕಿತ್ತು. ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮನೆ, ಮದುವೆ, ಈಗ ನಾನು ಏನು ಮಾಡುತ್ತಿದ್ದೇನೆ ಎಂಬುದು ಇದರಲ್ಲಿ ಬರುವುದಿಲ್ಲ. ಅವು ಯಾರಿಗೂ ಸಂಬಂಧಿಸಿದ್ದಲ್ಲ.

ನಮ್ಮದು ಒಂದು ವಿಶ್ವವಿದ್ಯಾಲಯದ ವಾಣಿಜ್ಯ ಕಾನೂನು ವಿಭಾಗ. ಆಲೂರಿನಿಂದ ಸಕಲೇಶಪುರದ ಕಡೆ ಹೋಗುವಾಗ ಸಿಗುವ ಗುಡ್ಡವೊಂದರ ನೆತ್ತಿಯನ್ನು ಮಟ್ಟ ಮಾಡಿ ಕಟ್ಟಿದ ಕಟ್ಟಡ. ಕರಾರು, ಪಾಲುದಾರಿಕೆ, ಸರಕು ಮಾರಾಟ, ದಿವಾಳಿತನ, ಹೀಗೆ ವ್ಯಾಪಾರಕ್ಕೆ ಸಂಬಂಧಿಸಿದ ಕಾನೂನುಗಳನ್ನು ಅಲ್ಲಿ ಕಲಿಸುತ್ತಿದ್ದರು. ಕಲಿಸುವುದು ನನ್ನ ಕೆಲಸವಾಗಿರಲಿಲ್ಲ. ವಿಭಾಗದವರು ವರ್ಷವಿಡೀ ಏನು ಸಂಶೋಧನೆ ಮಾಡಿದರು, ಅದರ ಗುಣಮಟ್ಟ ಎಷ್ಟು ಎಂದು ಅಳೆದು ಅಂಕ ಹಾಕುವುದು ನನ್ನ ಕೆಲಸ. ಪಿಎಚ್‌.ಡಿ. ಮಹಾಪ್ರಬಂಧಗಳು ಹೊರಗಿನ ಪರೀಕ್ಷಕರಿಗೆ ಹೋಗುವ ಮೊದಲು ನನ್ನ ಮೇಜಿನ ಮೇಲೆ ಬರುತ್ತಿದ್ದವು. ನನ್ನ ಸಹಿ ಇಲ್ಲದೆ ಮುಂದೆ ಹೋಗುವಂತಿರಲಿಲ್ಲ.

ವಿಭಾಗದ ಮುಖ್ಯಸ್ಥರ ಹೆಸರನ್ನು ನಾನು ಬರೆಯುವುದಿಲ್ಲ. ಹೆದರಿಕೆಯಿಂದಲ್ಲ. ತಮ್ಮ ಹೆಸರು ಎಲ್ಲೆಲ್ಲಿ ಎಷ್ಟು ಬಾರಿ ಉಲ್ಲೇಖವಾಗಿದೆ ಎಂದು ಪ್ರತಿ ಸೋಮವಾರ ಬೆಳಿಗ್ಗೆ ನೋಡಿಕೊಳ್ಳುತ್ತಿದ್ದವರು ಅವರು. ಆ ಪಟ್ಟಿಗೆ ನನ್ನಿಂದ ಇನ್ನೊಂದು ಸೇರುವುದು ಬೇಡ.

ನಾನು ಸೇರಿದ ವರ್ಷ ಓದುವ ಸಮಿತಿ ಎಂಬುದೊಂದು ಇತ್ತು. ಮೂವರು ಹಿರಿಯರು ಎರಡು ದಿನ ಒಂದು ಕೋಣೆಯಲ್ಲಿ ಕುಳಿತು ಲೇಖನಗಳನ್ನು ನಿಜವಾಗಿಯೂ ಓದುತ್ತಿದ್ದರು. ಜಗಳವಾಡುತ್ತಿದ್ದರು. ಅವರಲ್ಲೊಬ್ಬ ಮುದಿ ಮೇಷ್ಟ್ರು ಲೇಖನವನ್ನು ಮೇಜಿನ ಮೇಲೆ ಎಸೆದು, "ಇದ್ರಲ್ಲಿ ಬರೆದವನೇ ಯೋಚಿಸಿದ ಮಾತು ಒಂದಿದ್ರೆ ತೋರಿಸಿ, ನಾನು ಎದ್ದು ಹೋಗ್ತೀನಿ" ಎನ್ನುತ್ತಿದ್ದರು. ನನಗೆ ಅವರನ್ನು ಕಂಡರೆ ಭಯವಿತ್ತು. ಅವರು ಕೇಳುತ್ತಿದ್ದುದೇ ಸರಿಯಾದ ಪ್ರಶ್ನೆ ಎಂದು ತಿಳಿಯುವ ಹೊತ್ತಿಗೆ ಸಮಿತಿಯೇ ಇರಲಿಲ್ಲ. ಎರಡನೆಯ ವರ್ಷ ಅದನ್ನು ತೆಗೆದರು. ಓದುವುದಕ್ಕೆ ಸಮಯ ಹಿಡಿಯುತ್ತದೆ, ಓದಿದವರ ಅಭಿಪ್ರಾಯ ಒಬ್ಬರಿಂದೊಬ್ಬರಿಗೆ ಬೇರೆಯಾಗುತ್ತದೆ ಎಂಬುದು ಕೊಟ್ಟ ಕಾರಣ.

ಅದರ ಬದಲು ಒಂದು ನಮೂನೆ ಬಂತು. ಲೇಖನ ಯಾವ ಪತ್ರಿಕೆಯಲ್ಲಿ ಬಂದಿದೆ, ಆ ಪತ್ರಿಕೆ ಅಂಗೀಕೃತ ಪಟ್ಟಿಯಲ್ಲಿದೆಯೇ, ಎಷ್ಟು ಜನ ಉಲ್ಲೇಖಿಸಿದ್ದಾರೆ. ಇಷ್ಟು ತುಂಬಿದರೆ ಅಂಕ ತಾನೇ ಬರುತ್ತದೆ. ಲೇಖನವನ್ನು ತೆರೆಯುವ ಅಗತ್ಯವೇ ಇಲ್ಲ. ನಾನು ಮೊದಲ ಕೆಲವು ತಿಂಗಳು ತೆರೆದು ನೋಡುತ್ತಿದ್ದೆ. ಆಮೇಲೆ ಬಿಟ್ಟೆ. ಇದನ್ನು ನಾಚಿಕೆಯಿಂದ ಬರೆಯುತ್ತಿದ್ದೇನೆ.

ಆ ಕಾಲದ ಒಂದು ಪ್ರಸಂಗ. ಮುಖ್ಯಸ್ಥರ ಆಪ್ತರೊಬ್ಬರ ಲೇಖನ ಒಂದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬಂದಿತ್ತು. ಪತ್ರಿಕೆ ಪಟ್ಟಿಯಲ್ಲಿತ್ತು. ಪೂರ್ತಿ ಅಂಕ ಹಾಕಿದೆ. ನಮ್ಮ ಅಟೆಂಡರ್ ಮಲ್ಲೇಶಣ್ಣ ಕಾಫಿ ಲೋಟ ಇಡಲು ಬಂದವನು ಮುಖಪುಟ ನೋಡಿ ನಕ್ಕ.

"ಏನ್ ಮೇಡಮ್ಮೋರೇ, ಇದು ನಿಮ್ ತಂಕಾನೂ ಬಂದ್ಬುಡ್ತಾ?"

"ಗೊತ್ತಾ ನಿಮಗೆ ಇದು?"

"ಗೊತ್ತೇನ್ ಬಂತು, ನಮ್ ಭಾಮೈದನೇ ಕಣ್ರೀ ಇದ್ಕೆಲ್ಲ ಯಜಮಾನ. ಹಾಸನದಾಗೆ ಜೆರಾಕ್ಸ್ ಅಂಗ್ಡಿ ಮ್ಯಾಲೆ ಒಂದ್ ರೂಮ್ ಐತೆ. ಮದ್ವೆ ಕಾರ್ಡೂ ಮಾಡ್ತಾನೆ, ಇದೂ ಮಾಡ್ತಾನೆ."

"ಓದಿ ನೋಡಿ ಹಾಕ್ತಾರಾ ಲೇಖನಗಳನ್ನ?"

"ಮದ್ವೆ ಕಾರ್ಡ್ ಆದ್ರೆ ಓದ್ತಾನೆ. ಹೆಸ್ರು ತಪ್ಪಾದ್ರೆ ಹೆಣ್ಣಿನ್ ಕಡೆಯೋರು ಸುಮ್ನೆ ಬುಡಲ್ಲ."

ನಾನು ಆ ಪತ್ರಿಕೆಯನ್ನು ತೆಗೆದುಕೊಂಡು ಮುಖ್ಯಸ್ಥರ ಕೋಣೆಗೆ ಹೋದೆ. ಅವರು ಪೂರ್ತಿ ಕೇಳಿಸಿಕೊಂಡು, "ಪಟ್ಟಿಯಲ್ಲಿ ಇದೆಯಾ ಇಲ್ಲವಾ ಅಮ್ಮ?" ಎಂದರು. ಇದೆ ಎಂದೆ. "ಮತ್ತೆ?" ಎಂದರು. ಅಷ್ಟೇ ಮಾತು. ನಾನು ವಾಪಸ್ ಬಂದು ಅಂಕವನ್ನು ಹಾಗೇ ಬಿಟ್ಟೆ. ಅವತ್ತು ಸುಮ್ಮನಿದ್ದವಳು ಮುಂದೆ ಇನ್ನೂ ದೊಡ್ಡದರಲ್ಲಿ ತಪ್ಪು ಮಾಡಿದ್ದರಲ್ಲಿ ಆಶ್ಚರ್ಯವಿಲ್ಲ.

ಆ ದೊಡ್ಡ ತಪ್ಪು ಶಶಿಕಲಾಳ ವಿಷಯದಲ್ಲಿ ಆಯಿತು.

ಶಶಿಕಲಾ ಬೆಳಗೋಡಿನ ಹುಡುಗಿ, ನನಗಿಂತ ಐದಾರು ವರ್ಷ ಚಿಕ್ಕವಳು. ಮುಖ್ಯಸ್ಥರ ಮಾರ್ಗದರ್ಶನದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ಅವಳ ವಿಷಯ ನಮ್ಮ ಕಡೆಯ ಒಂದು ರೂಢಿಗೆ ಸಂಬಂಧಿಸಿದ್ದು. ಇಲ್ಲಿ ಸಣ್ಣ ಬೆಳೆಗಾರರು ಕಾಫಿ ಒಣಗಿಸಿ ಚೀಲ ಕಟ್ಟಿ ವ್ಯಾಪಾರಿಯ ಸ್ಟೋರ್‌ಗೆ ಹಾಕುತ್ತಾರೆ, ಆದರೆ ಅವತ್ತೇ ಬೆಲೆ ಮಾಡುವುದಿಲ್ಲ. ವ್ಯಾಪಾರಿ ತೂಕ ಬರೆದ ಒಂದು ಚೀಟಿ ಕೊಡುತ್ತಾನೆ. ಮಾರುಕಟ್ಟೆ ಏರಿದಾಗ ಬೆಳೆಗಾರ ಹೋಗಿ, ಇವತ್ತಿನ ಬೆಲೆಗೆ ಹಾಕಿಕೊಳ್ಳಿ ಎನ್ನುತ್ತಾನೆ. ಅದು ವಾರವಾಗಬಹುದು, ಮಳೆಗಾಲ ಕಳೆಯಬಹುದು. ಈ ಮಧ್ಯೆ ಆ ಚೀಲಗಳು ಯಾರವು? ಮಾರಾಟವಾಗಿದ್ದರೆ ವ್ಯಾಪಾರಿಯವು. ಬರೀ ಇಡಲು ಕೊಟ್ಟಿದ್ದರೆ ಬೆಳೆಗಾರನವು. ವ್ಯಾಪಾರಿ ಬಾಗಿಲು ಮುಚ್ಚಿ ಸ್ಟೋರ್ ಜಪ್ತಿಯಾದ ದಿನ ಈ ಪ್ರಶ್ನೆಯ ಉತ್ತರದ ಮೇಲೆ ಒಂದು ಮನೆಯ ವರ್ಷದ ಬೆಳೆ ನಿಂತಿರುತ್ತದೆ. ಕಾನೂನು ಪುಸ್ತಕಗಳಲ್ಲಿ ಇದಕ್ಕೆ ನೇರ ಉತ್ತರವಿಲ್ಲ. ಶಶಿಕಲಾ ಹೆಗ್ಗದ್ದೆಯಲ್ಲಿ ಒಂದು ಸುಗ್ಗಿ ಪೂರ್ತಿ ಇದ್ದು, ಬೆಳೆಗಾರರನ್ನು ಮಾತನಾಡಿಸಿ, ಅವರು ಏನೆಂದು ತಿಳಿದು ಚೀಲ ಹಾಕುತ್ತಾರೆ ಎಂದು ಬರೆದುಕೊಂಡಿದ್ದಳು. ಮಹಾಪ್ರಬಂಧದ ನಾಲ್ಕನೆಯ ಅಧ್ಯಾಯ ಅದು.

ನನಗೆ ಇದೆಲ್ಲ ಆಗ ಗೊತ್ತಿರಲಿಲ್ಲ. ನಾನು ಓದಿರಲಿಲ್ಲ.

ಮಹಾಪ್ರಬಂಧ ಬಂದಾಗ ನಾವು ಮಾಡುತ್ತಿದ್ದುದು ಇಷ್ಟು. ಮುಖಪುಟ, ಪ್ರಮಾಣಪತ್ರ, ಕೃತಜ್ಞತೆ, ಆರಂಭದ ಟಿಪ್ಪಣಿಗಳು, ಕೊನೆಯ ಗ್ರಂಥಸೂಚಿ, ಇವನ್ನೆಲ್ಲ ಕತ್ತರಿಸಿ ತೆಗೆದು, ಉಳಿದದ್ದನ್ನು ಹೋಲಿಕೆ ಪತ್ತೆ ಮಾಡುವ ತಂತ್ರಾಂಶಕ್ಕೆ ಹಾಕುವುದು. ಆ ಭಾಗಗಳು ಎಲ್ಲರಲ್ಲೂ ಒಂದೇ ಥರ ಇರುವುದರಿಂದ ತೆಗೆಯಬೇಕೆಂಬುದು ನಿಯಮ. ತಂತ್ರಾಂಶ ಬೇರೆಡೆ ಪ್ರಕಟವಾದ ಸಾಲುಗಳಿಗೆ ಕೆಂಪು ಬಳಿದು ಕೊಡುತ್ತದೆ. ಶಶಿಕಲಾಳ ನಾಲ್ಕನೆಯ ಅಧ್ಯಾಯ ಮೊದಲಿಂದ ಕೊನೆವರೆಗೆ ಕೆಂಪಾಗಿ ಬಂತು. ಎಲ್ಲಿಂದ ನಕಲು ಎಂದು ನೋಡಿದರೆ ಕೆಲವೇ ತಿಂಗಳ ಹಿಂದೆ ಮುಖ್ಯಸ್ಥರ ಹೆಸರಿನಲ್ಲಿ ಪ್ರಕಟವಾದ ಲೇಖನದಿಂದ.

ನಾನು ಎರಡು ದಿನಾಂಕ ನೋಡಿದೆ. ಅವರದು ಮೊದಲು, ಇವಳದು ಆಮೇಲೆ. ಕೃತಿಚೌರ್ಯ ಎಂದು ಬರೆದು ಸಹಿ ಹಾಕಿದೆ. ಅರ್ಧ ಗಂಟೆಯ ಕೆಲಸ. ನೋಂದಣಿ ಯಾಕೆ ರದ್ದು ಮಾಡಬಾರದು ಎಂದು ಅವಳಿಗೆ ನೋಟಿಸ್ ಹೋಯಿತು. ಅವಳ ನೋಂದಣಿಯ ಅವಧಿ ಮುಗಿಯಲು ಎರಡು ತಿಂಗಳು ಉಳಿದಿತ್ತು. ರದ್ದಾದರೆ ಆರು ವರ್ಷದ ಕೆಲಸವೂ ಹೋಗುತ್ತಿತ್ತು, ಕಳ್ಳಿ ಎಂಬ ಹೆಸರೂ ಉಳಿಯುತ್ತಿತ್ತು.

ಅವಳು ನನ್ನ ಕೋಣೆಗೆ ಬಂದಳು. ಅಳಲಿಲ್ಲ. ಕುಳಿತುಕೊಳ್ಳಲೂ ಇಲ್ಲ.

"ಮೇಡಂ, ಓದಿದ್ರಾ?"

"ರಿಪೋರ್ಟ್ ನೋಡಿದ್ದೀನಿ."

"ರಿಪೋರ್ಟ್ ಅಲ್ಲ. ನನ್ ಥೀಸಿಸ್ ಓದಿದ್ರಾ?"

ನಾನು ನಿಯಮದ ಪ್ರಕಾರ ಎಂದು ಏನೋ ಶುರು ಮಾಡಿದೆ. ಅವಳು ಬೈಂಡ್ ಮಾಡಿದ ಪ್ರತಿಯನ್ನು ಮೇಜಿನ ಮೇಲಿಟ್ಟು, "ನೀವು ಕತ್ತರಿಸಿ ತೆಗೆದಿದ್ದೀರಲ್ಲ, ಆ ಪುಟಗಳನ್ನಾದ್ರೂ ಓದಿ" ಎಂದು ಹೋದಳು.

ಮನೆಗೆ ಒಯ್ದು ಓದಿದೆ. ಏಳನೆಯ ಪುಟದಲ್ಲಿ ನಾಲ್ಕು ಸಾಲಿನ ಟಿಪ್ಪಣಿ. ಮಾಹಿತಿ ಕೊಟ್ಟ ಬೆಳೆಗಾರರ ಹೆಸರುಗಳನ್ನು ಅವರ ಕೋರಿಕೆಯಂತೆ ಬದಲಿಸಲಾಗಿದೆ, ಇಲ್ಲಿರುವ ಹೆಸರುಗಳು ಯಾವ ವ್ಯಕ್ತಿಗಳದ್ದೂ ಅಲ್ಲ, ನಿಜ ಹೆಸರುಗಳ ಪಟ್ಟಿ ಮೊಹರು ಮಾಡಿದ ಲಕೋಟೆಯಲ್ಲಿ ತನ್ನ ಬಳಿ ಇದೆ ಎಂದು. ಆಮೇಲೆ ಮುಖ್ಯಸ್ಥರ ಲೇಖನವನ್ನು ತೆರೆದೆ. ಅಲ್ಲೂ ಅವೇ ಹೆಸರುಗಳು. ಕಪಿಲಮ್ಮ, ಚಿನ್ನೇಗೌಡ, ಬೆಳ್ಳೇಗೌಡ. ಲೇಖಕರು ಹೆಗ್ಗದ್ದೆಯಲ್ಲಿ ಇವರನ್ನು ಖುದ್ದಾಗಿ ಸಂದರ್ಶಿಸಿದ್ದಾರೆ ಎಂದಿತ್ತು. ಹೆಸರು ಬದಲಿಸಿದ ಸುಳಿವು ಎಲ್ಲೂ ಇರಲಿಲ್ಲ. ಏಕೆಂದರೆ ಶಶಿಕಲಾ ಅವರಿಗೆ ಅಧ್ಯಾಯಗಳನ್ನು ಒಂದೊಂದಾಗಿ ಕೊಟ್ಟಿದ್ದಳು. ಆ ಟಿಪ್ಪಣಿ ಸೇರಿದ್ದು ಕೊನೆಗೆ, ಬೈಂಡಿಂಗ್ ಹೊತ್ತಿಗೆ. ಅದನ್ನು ಅವರೂ ಓದಿರಲಿಲ್ಲ, ನಾನೂ ಓದಿರಲಿಲ್ಲ. ಇಡೀ ವಿಭಾಗದಲ್ಲಿ ಆ ಪುಟವನ್ನು ಓದಿದ್ದವಳು ಬರೆದವಳೊಬ್ಬಳೇ.

ಮರುದಿನ ಎರಡನ್ನೂ ಹಿಡಿದು ಮುಖ್ಯಸ್ಥರ ಬಳಿ ಹೋದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಆ ಟಿಪ್ಪಣಿ ಈಗ ಸೇರಿಸಿರೋದು ಅಮ್ಮ, ಸಿಕ್ಕಿಬಿದ್ದ ಮೇಲೆ. ಅವರೆಲ್ಲ ನಿಜವಾದ ಜನ. ನಾನೇ ಹೋಗಿ ಮಾತಾಡಿಸಿದ್ದೀನಿ. ಅವಳು ನನ್ನ ಜೊತೆ ಬಂದು ಬರ್ಕೊಂಡಳು ಅಷ್ಟೆ. ವಿಚಾರ ನಾನೇ ಯೋಚನೆ ಮಾಡಿದ್ದು."

"ಸರ್, ಹಾಗಿದ್ರೆ..."

"ನೀವು ಸಹಿ ಮಾಡಿದೀರಿ. ಈಗ ಹಿಂದಕ್ಕೆ ತಗೊಂಡ್ರೆ ನಿಮ್ಮ ಬಗ್ಗೆ ಜನ ಏನಂದ್ಕೋತಾರೆ ಯೋಚನೆ ಮಾಡಿ."

ಬೆದರಿಕೆಯನ್ನು ಇಷ್ಟು ಮೃದುವಾಗಿ ಹೇಳುವವರನ್ನು ನಾನು ಬೇರೆ ಕಂಡಿಲ್ಲ.

ಶನಿವಾರ ಬಸ್ಸಿನಲ್ಲಿ ಹೆಗ್ಗದ್ದೆಗೆ ಹೋದೆ. ಇಂಥದ್ದಕ್ಕೆ ಊರೂರು ಅಲೆಯುವುದು ನನ್ನ ಸ್ವಭಾವವಲ್ಲ. ಗುರುತಿಲ್ಲದವರನ್ನು ಮಾತನಾಡಿಸಲು ನನಗೆ ಇವತ್ತಿಗೂ ಆಗುವುದಿಲ್ಲ. ರಸ್ತೆ ಬದಿಯ ಹೋಟೆಲಿನಲ್ಲಿ ಕಾಫಿ ಕುಡಿದು, ಕುಡಿದು ಮುಗಿಸಿ, ಮತ್ತೊಂದು ಕುಡಿದು, ಕೊನೆಗೆ ಬೆಂಚಿನ ಮೇಲೆ ಕುಳಿತಿದ್ದ ಒಬ್ಬರನ್ನು ಕೇಳಿದೆ: "ಇಲ್ಲಿ ಕಪಿಲಮ್ಮ ಅಂತ ವಯಸ್ಸಾದವರು ಯಾರಾದ್ರೂ ಇದ್ದಾರಾ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾಕ್ ತಾಯಿ?"

"ವಿಶ್ವವಿದ್ಯಾಲಯದಿಂದ ಬಂದಿದ್ದೀನಿ. ನಮ್ಮ ಪ್ರೊಫೆಸರ್ ಒಬ್ಬರು ಅವರ ಸಂದರ್ಶನ ಮಾಡಿದ್ದಾರೆ. ಚಿನ್ನೇಗೌಡರು, ಬೆಳ್ಳೇಗೌಡರು ಅಂತಲೂ ಇದ್ದಾರೆ."

ಅವರು ಲೋಟ ಕೆಳಗಿಟ್ಟು ನಗಲು ಶುರು ಮಾಡಿದರು. ಕೆಮ್ಮು ಬರುವವರೆಗೆ ನಕ್ಕರು. "ಬನ್ನಿ ತಾಯಿ, ತೋರಿಸ್ತೀನಿ. ಮನ್ಯಾಗೇ ಅವ್ರೆ ಮೂವರೂವೆ."

ಅವರ ಹೆಸರು ದೇವಪ್ಪ. ನಾಲ್ಕು ಎಕರೆ ಕಾಫಿ ತೋಟ. ಶಶಿಕಲಾ ಆ ಸುಗ್ಗಿ ಉಳಿದುಕೊಂಡಿದ್ದು ಅವರ ಮನೆಯಲ್ಲಿ. ಮನೆಯ ಪಕ್ಕದ ಕೊಟ್ಟಿಗೆಗೆ ನನ್ನನ್ನು ಕರೆದುಕೊಂಡು ಹೋಗಿ ಒಂದು ಕಂದು ಹಸುವಿನ ಬೆನ್ನ ಮೇಲೆ ಕೈಯಿಟ್ಟರು.

"ಇವ್ಳೇ ಕಪಿಲೆ. ಅಗೋ ಆ ಮೂಲೆಯಾಗಿರದು ಚಿನ್ನ, ಈಚೆ ಕಡೀದು ಬೆಳ್ಳ. ಆ ಹುಡ್ಗಿ ದಿನಾ ಬೆಳಿಗ್ಗೆ ಇಲ್ ಕೂತ್ಕಂಡು ಬರೀತಿತ್ತು. ನಮ್ ಹೆಸ್ರು ಹಾಕ್ಬ್ಯಾಡ ಕಣವ್ವ ಅಂದಿದ್ದಕ್ಕೆ ಇವ್ರ ಹೆಸ್ರು ಹಾಕ್ತೀನಿ ಅಂತು. ಅಮ್ಮ, ಗೌಡ ಅಂತ ಸೇರಿಸ್ತು, ಮರ್ಯಾದೆ ಇರ್ಲಿ ಅಂತ."

ದೇವಪ್ಪನವರ ತಾಯಿ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. "ನಿಮ್ ಪ್ರೊಫೆಸ್ರು ನಮ್ ಹಸೂನ ಮಾತಾಡ್ಸಿದ್ರಂತಾ? ಏನಂತಂತೆ ಅದು?"

"ಸುಮ್ಕಿರವ್ವ ನೀನು. ದೊಡ್ ಓದು ಓದೋರು, ದನದ್ ಭಾಷೆನೂ ಬತ್ತದೆ ಅವ್ರಿಗೆ."

ನಾನೂ ನಕ್ಕೆ. ಆಮೇಲೆ ಆ ಅಜ್ಜಿ ಜಗಲಿಯಲ್ಲಿ ಕೂರಿಸಿ, ಸ್ಟೋರ್‌ಗೆ ಹಾಕುವ ಪ್ರತಿ ಚೀಲದ ಬಾಯಿಗೆ ತಾನು ಕೆಂಪು ಬಟ್ಟೆಯ ಚಿಂದಿ ಕಟ್ಟುವುದನ್ನು ಹೇಳಿದರು. "ನಾನು ಮಾರಿಲ್ಲ, ಇಟ್ಟಿದೀನಿ. ನಂದು ಯಾವ್ದು ಅಂತ ನಂಗೊತ್ತಾಗ್ಬೇಕಲ್ಲ?" ಎಂದರು. ಮಹಾಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ಕಪಿಲಮ್ಮ ಹೇಳಿದ ಮಾತು ಅದೇ. ಹೀಗೆ ಗುರುತು ಮಾಡಿ, ಉಳಿದ ಚೀಲಗಳೊಂದಿಗೆ ಬೆರೆಯದಂತೆ ಬೇರೆ ಅಟ್ಟಿ ಹಾಕಿಸುವವರಿದ್ದಾರೆ ಎಂಬುದರ ಮೇಲೆಯೇ, ಇದು ಮಾರಾಟವಲ್ಲ ಎಂಬ ಶಶಿಕಲಾಳ ವಾದ ನಿಂತಿತ್ತು. ಒಬ್ಬ ಮುದುಕಿಯ ಚಿಂದಿ ಬಟ್ಟೆಯಲ್ಲಿ ಕಾನೂನಿನ ತತ್ವವೊಂದನ್ನು ಅವಳು ಕಂಡಿದ್ದಳು. ಏಳು ವರ್ಷದಲ್ಲಿ ನನ್ನ ಮೇಜಿನ ಮೇಲೆ ಬಂದ ಏಕೈಕ ಸಂಶೋಧನೆ ಅದು, ಅದಕ್ಕೆ ನಾನು ಕಳ್ಳತನ ಎಂದು ಬರೆದಿದ್ದೆ.

ಮಾಹಿತಿ ಕೊಟ್ಟದ್ದು ನಾವೇ ಎಂದು ಬರೆದುಕೊಡುತ್ತೀರಾ ಎಂದು ದೇವಪ್ಪನವರನ್ನು ಕೇಳಿದೆ. ಅವರ ಮುಖದ ನಗು ಹೋಯಿತು.

"ಅದೊಂದ್ ಆಗಲ್ಲ ತಾಯಿ. ಸ್ಟೋರಿನೋರ ಮ್ಯಾಲೆ ಮಾತಾಡಿದೀವಿ ಅಂತ ಗೊತ್ತಾದ್ರೆ ನಾಳೆ ನಮ್ ಚೀಲ ಯಾರ್ ಇಳಿಸ್ಕಂತಾರೆ? ಆದ್ರೆ ಹಸ ನಂದು ಅಂತ ಬೇಕಾದ್ರೆ ಎಲ್ ಬೇಕಾದ್ರೂ ಬರ್ಕೊಡ್ತೀನಿ. ಅದ್ಕೇನ್ ಭಯ?"

ಹಸುವಿನ ಕಿವಿಯಲ್ಲಿ ಪಶು ಇಲಾಖೆಯವರು ಹಾಕಿದ ಹಳದಿ ಬಿಲ್ಲೆ ಇತ್ತು. ಅದರ ಸಂಖ್ಯೆಯ ಲಸಿಕೆ ಕಾರ್ಡು ಮನೆಯಲ್ಲಿತ್ತು, ಹೆಸರಿನ ಜಾಗದಲ್ಲಿ ಕಪಿಲೆ ಎಂದು ಬರೆದಿತ್ತು. ದೇವಪ್ಪ ಅದರ ಜೆರಾಕ್ಸ್ ಕೊಟ್ಟರು. ಹಸು, ಹಿಂದೆ ನಿಂತ ಎರಡು ಎತ್ತುಗಳು ಕಾಣುವಂತೆ ನಾನೊಂದು ಫೋಟೋ ತೆಗೆದುಕೊಂಡೆ. ಹಸು ನನ್ನದು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿದರು, ಬರೆದದ್ದನ್ನು ತಾಯಿಗೆ ಓದಿ ಹೇಳಿದ ಮೇಲೆ.

ವಿಚಾರಣಾ ಸಮಿತಿಯಲ್ಲಿ ಅಧ್ಯಕ್ಷರು ಮತ್ತು ಇಬ್ಬರು ಸದಸ್ಯರು. ಮುಖ್ಯಸ್ಥರು ಒಂದು ಕಡೆ, ಶಶಿಕಲಾ ಇನ್ನೊಂದು ಕಡೆ. ನಾನು ನನ್ನ ವರದಿಯನ್ನು ಹಿಂತೆಗೆದುಕೊಳ್ಳುತ್ತೇನೆ ಎಂಬ ಪತ್ರವನ್ನು ಮೊದಲೇ ಕೊಟ್ಟಿದ್ದೆ. ಅಧ್ಯಕ್ಷರು ಅದನ್ನು ಓದದೆ ಫೈಲಿನ ಅಡಿಗೆ ಸೇರಿಸಿದರು.

"ನೋಡಮ್ಮ," ಎಂದರು ಶಶಿಕಲಾಳಿಗೆ, "ಕ್ಷೇತ್ರಕಾರ್ಯ ನಿನ್ನದೇ ಆದ್ರೆ ಆ ಲಕೋಟೆ ತೆಗೆದು ನಿಜವಾದ ಹೆಸರು ಕೊಡು. ನಾವು ಫೋನ್ ಮಾಡಿ ಕೇಳ್ತೀವಿ. ಐದು ನಿಮಿಷದ ಕೆಲಸ."

"ಕೊಡಲ್ಲ ಸರ್. ಮಾತು ಕೊಟ್ಟಿದ್ದೀನಿ."

"ನಿನ್ನ ಡಿಗ್ರಿ ಹೋಗುತ್ತೆ."

"ಗೊತ್ತು ಸರ್."

ಅವಳು ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. ಆಗ ನಾನು ಒಂದು ಪ್ರಶ್ನೆ ಕೇಳಲು ಅನುಮತಿ ಬೇಡಿದೆ.

"ಸರ್," ಎಂದೆ ಮುಖ್ಯಸ್ಥರಿಗೆ, "ಕಪಿಲಮ್ಮ ಅವರನ್ನ ನೀವು ಎಲ್ಲಿ ಭೇಟಿ ಮಾಡಿದ್ರಿ?"

"ಅವರ ಮನೆಯಲ್ಲೇ. ಜಗಲಿ ಮೇಲೆ ಕೂತು ಮಾತಾಡಿದ್ವಿ."

"ಹೇಗಿದ್ದರು?"

"ವಯಸ್ಸಾಗಿದೆ. ಕಿವಿ ಸ್ವಲ್ಪ ಮಂದ. ಆದರೆ ತುಂಬ ತಿಳಿದ ಹೆಂಗಸು. ಬೆಲ್ಲದ ಕಾಫಿ ಕೊಟ್ಟರು."

ನಾನು ಕಾರ್ಡಿನ ಪ್ರತಿ, ಫೋಟೋ, ದೇವಪ್ಪನವರ ಹಾಳೆ ಮೂರನ್ನೂ ಅಧ್ಯಕ್ಷರ ಮುಂದಿಟ್ಟೆ. "ಇವರೇ ಕಪಿಲಮ್ಮ ಸರ್. ಮೂರು ಕರು ಹಾಕಿದ್ದಾರೆ. ಚಿನ್ನೇಗೌಡರು, ಬೆಳ್ಳೇಗೌಡರು ಹಿಂದೆ ನಿಂತಿರೋ ಎತ್ತುಗಳು."

ಸದಸ್ಯರೊಬ್ಬರು ನಗು ತಡೆಯಲು ಬಾಯಿಗೆ ಕರವಸ್ತ್ರ ಹಿಡಿದರು. ಬಾಗಿಲ ಬಳಿ ನಿಂತಿದ್ದ ಮಲ್ಲೇಶಣ್ಣ ಹೊರಗೆ ಹೋಗಿ ನಕ್ಕದ್ದು ಒಳಗೆ ಕೇಳಿಸಿತು. ಮುಖ್ಯಸ್ಥರು ಮಾತ್ರ ನನ್ನನ್ನೇ ನೋಡುತ್ತಿದ್ದರು.

ಕತೆ ಇಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ನಾನೂ ಹಾಗೆ ಅಂದುಕೊಂಡು ಮೂರು ದಿನ ಖುಷಿಯಾಗಿದ್ದೆ. ನಾಲ್ಕನೆಯ ದಿನ ಆದೇಶ ಬಂತು. ಶಶಿಕಲಾಳ ಮೇಲಿನ ಆರೋಪ ಕೈಬಿಡಲಾಗಿದೆ. ಮುಖ್ಯಸ್ಥರ ಲೇಖನದ ವಿಷಯವನ್ನು ಪ್ರತ್ಯೇಕ ಸಮಿತಿ ನೋಡುತ್ತದೆ. ಆದರೆ ಆ ಲೇಖನ ಪ್ರಕಟವಾಗಿರುವುದು ವಾಸ್ತವ, ಹೋಲಿಕೆ ಇರುವುದೂ ವಾಸ್ತವ. ಆದ್ದರಿಂದ ಅಭ್ಯರ್ಥಿಯು ನಾಲ್ಕನೆಯ ಅಧ್ಯಾಯದ ಪ್ರತಿ ಪುಟದಲ್ಲೂ ಸದರಿ ಲೇಖನವನ್ನು ಆಕರವೆಂದು ಉಲ್ಲೇಖಿಸಬೇಕು, ಇಲ್ಲವೇ ಅಧ್ಯಾಯವನ್ನು ತೆಗೆಯಬೇಕು. ಮೂರು ವಾರದೊಳಗೆ.

ತನ್ನ ಮನೆಯಿಂದ ಕದ್ದ ಮಾಲನ್ನು ಕದ್ದವನ ಹೆಸರು ಹೇಳಿ ಎರವಲು ತೆಗೆದುಕೋ ಎಂಬುದು ಇದರ ಅರ್ಥ. ಪ್ರತ್ಯೇಕ ಸಮಿತಿ ನಾನು ಇರುವವರೆಗೆ ಒಮ್ಮೆಯೂ ಸೇರಲಿಲ್ಲ.

ಶಶಿಕಲಾ ಅಧ್ಯಾಯವನ್ನು ತೆಗೆದಳು. ನಾನು ಬೇಡ ಎಂದೆ, ಉಲ್ಲೇಖ ಹಾಕಿ ಉಳಿಸಿಕೋ, ಓದಿದವರಿಗೆ ತಿಳಿಯುತ್ತದೆ ಎಂದೆ. ಅವಳು ನನ್ನ ಮುಖ ನೋಡಿ, "ಯಾರು ಓದ್ತಾರೆ ಮೇಡಂ?" ಎಂದಳು. ಕ್ಷಮೆ ಕೇಳಲು ಹೋಗಿದ್ದೆ. ಕೇಳಿದೆ ಕೂಡ. ಅವಳು ಪರವಾಗಿಲ್ಲ ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ಐದು ಅಧ್ಯಾಯದ್ದು ನಾಲ್ಕಾಗಿ ಹೋಯಿತು. ಹೊರಗಿನ ಪರೀಕ್ಷಕರ ವರದಿ ಬಂದಾಗ ಮೊದಲು ತೆರೆದವಳು ನಾನು. ಪದವಿಗೆ ಶಿಫಾರಸು ಮಾಡಿದ್ದರು. ಜೊತೆಗೆ ಒಂದು ಕೊರತೆ ಸೂಚಿಸಿದ್ದರು: ಅಭ್ಯರ್ಥಿಗೆ ಕ್ಷೇತ್ರದ ಪರಿಚಯ ಸಾಲದು, ಈ ರೂಢಿಯ ಬಗ್ಗೆ ಆಕೆಯ ಮಾರ್ಗದರ್ಶಕರೇ ಬರೆದಿರುವ ಉತ್ತಮ ಲೇಖನವನ್ನು ಗಮನಿಸಬಹುದಿತ್ತು. ಆ ವರದಿಯನ್ನು ಅವಳ ಕೈಗೆ ಕೊಡಬೇಕಾದವಳೂ ನಾನೇ. ಅವಳು ನನ್ನ ಎದುರೇ ನಿಂತು ಓದಿ, ಮಡಿಸಿ, ಬ್ಯಾಗಿಗೆ ಹಾಕಿಕೊಂಡಳು. ಈಗ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಪ್ರಕಟಣೆಗಳು ಕಡಿಮೆ ಎಂದು ಕಾಯಂ ಹುದ್ದೆಯ ಸಂದರ್ಶನಗಳಲ್ಲಿ ಹೇಳುತ್ತಾರಂತೆ.

ಆ ವರ್ಷದ ಕೊನೆಯಲ್ಲಿ ನಮೂನೆ ತುಂಬುವ ಕಾಲ ಬಂತು. ಮುಖ್ಯಸ್ಥರ ಆ ಲೇಖನವೂ ಪಟ್ಟಿಯಲ್ಲಿತ್ತು. ಪತ್ರಿಕೆ ಅಂಗೀಕೃತ, ಉಲ್ಲೇಖಗಳು ಬರುತ್ತಿದ್ದವು. ನಾನು ಅಂಕದ ಕೋಷ್ಟಕ ಖಾಲಿ ಬಿಟ್ಟು, ಲೇಖಕರು ಸಂದರ್ಶಿಸಿದ್ದಾಗಿ ಹೇಳಿದ ವ್ಯಕ್ತಿಗಳು ಜಾನುವಾರುಗಳಾಗಿದ್ದಾರೆ ಎಂದು ಷರಾ ಬರೆದೆ. ಷರಾ ಬರೆಯಲು ಆ ನಮೂನೆಯಲ್ಲಿ ಜಾಗವಿಲ್ಲ ಎಂದು ವಾಪಸ್ ಬಂತು. ಮತ್ತೆ ಖಾಲಿ ಬಿಟ್ಟೆ. ಮೂರನೆಯ ಬಾರಿ ಬೇರೆ ಯಾರೋ ಹತ್ತು ನಿಮಿಷದಲ್ಲಿ ತುಂಬಿದರು. ಪೂರ್ತಿ ಅಂಕ. ನಾನು ರಾಜೀನಾಮೆ ಬರೆದೆ. ಅದನ್ನು ಮಾತ್ರ ಯಾರೂ ತಡ ಮಾಡಲಿಲ್ಲ.

ನನ್ನ ಜಾಗಕ್ಕೆ ಬಂದಿರುವ ತಂಗಿಗೆ ಒಂದೇ ಮಾತು. ನಿನ್ನನ್ನು ಓದಬೇಡ ಎಂದು ಯಾರೂ ಹೇಳುವುದಿಲ್ಲ. ಓದದಿದ್ದರೂ ಕೆಲಸ ನಡೆಯುವಂತೆ ಮಾಡಿರುತ್ತಾರೆ. ಓದಲು ಕುಳಿತರೆ ನಿನ್ನ ಫೈಲು ತಡವಾಗುತ್ತದೆ, ಕೆಟ್ಟ ಹೆಸರು ಬರುತ್ತದೆ. ತಡವಾಗಲಿ. ನಾನು ಅರ್ಧ ಗಂಟೆಯಲ್ಲಿ ಮುಗಿಸಿದ್ದೆ.

ಕಳೆದ ಸುಗ್ಗಿಯಲ್ಲಿ ಒಂದು ಬೆಳಿಗ್ಗೆ ಮನೆಯ ಕೆಲಸಕ್ಕೆಂದು ಆನೇಮಹಲ್ ಹತ್ತಿರದ ಕಾಫಿ ಸ್ಟೋರ್ ಒಂದಕ್ಕೆ ಹೋಗಿದ್ದೆ. ಪಿಕಪ್ ಗಾಡಿಯೊಂದು ಬಂದು ನಿಂತಿತ್ತು, ಹಿಂದೆ ಚೀಲಗಳು. ಚೀಟಿ ಪುಸ್ತಕ ಹಿಡಿದು ಲೆಕ್ಕ ಬರೆಯುವ ರೈಟರ್ ಎದುರು ದೇವಪ್ಪ ನಿಂತಿದ್ದರು.

"ತೂಕದ ಕೆಳ್ಗೆ ಇದ್ನೂ ಬರಿ. ಆಮೇಲ್ ಇಳಿಸ್ತೀವಿ," ಎಂದು ಜೇಬಿನಿಂದ ಒಂದು ಕಾಗದ ತೆಗೆದುಕೊಟ್ಟರು.

ರೈಟರ್ ಗಟ್ಟಿಯಾಗಿ ಓದಿದ: "ಬೆಲೆ ಗೊತ್ತು ಮಾಡುವ ತನಕ ಈ ಚೀಲಗಳು ಬೆಳೆಗಾರನವೇ. ಬೇರೆ ಅಟ್ಟಿ ಹಾಕಿ ಇಡತಕ್ಕದ್ದು." ತಲೆಯೆತ್ತಿದ. "ಏನ್ ದೇವಪ್ಪಣ್ಣ, ಇಷ್ಟ್ ವರ್ಷ ಇಲ್ದಿದ್ದು? ನಂಬ್ಕೆ ಹೋಗ್ಬುಡ್ತಾ ನಮ್ ಮ್ಯಾಲೆ?"

"ನಂಬ್ಕೆ ಐತೆ ಮಾರಾಯ, ಅದ್ಕೇ ಇಲ್ಲಿಗ್ ತಂದಿರದು. ನಂಬ್ಕೆ ಜೊತೆಗೆ ಎಲ್ಡ್ ಸಾಲೂ ಇರ್ಲಿ."

"ಮೊನ್ನೆ ಬೆಳಗೋಡಿನೋರೂ ಇದೇ ಬರ್ಸ್ಕಂಡ್ ಹೋದ್ರು. ಯಾರ್ ಹೇಳ್ಕೊಡ್ತಾವ್ರೆ ಇದ್ನೆಲ್ಲ? ಯಾವ್ ಲಾಯರು?"

ಶಶಿಕಲಾ ಆ ಅಧ್ಯಾಯವನ್ನು ಕನ್ನಡದಲ್ಲಿ ನಾಲ್ಕು ಪುಟ ಮಾಡಿ ಮನೆಮನೆಗೆ ಕೊಟ್ಟಿದ್ದಾಳೆ ಎಂದು ಕೇಳಿದ್ದೆ. ಆ ಎರಡು ಸಾಲು ಅವಳವು. ದೇವಪ್ಪ ನನ್ನನ್ನು ನೋಡಿದರು. ಗುರುತು ಸಿಕ್ಕಿತ್ತು, ಆದರೆ ತೋರಿಸಿಕೊಳ್ಳಲಿಲ್ಲ.

"ಯಾವ್ ಲಾಯರೂ ಇಲ್ಲ ಕಣೋ," ಎಂದರು. "ನಾನೇ ಯೋಚ್ನೆ ಮಾಡಿದ್ದು. ಬರಿ ನೀನು."

ಅವನು ಬರೆದ. ದೇವಪ್ಪ ಚೀಟಿಯನ್ನು ಬೆಳಕಿಗೆ ಹಿಡಿದು ಒಂದೊಂದೇ ಪದ ಓದಿ ಜೇಬಿಗಿಟ್ಟುಕೊಂಡರು. ಆಮೇಲೆ ಗಾಡಿಯ ಹಿಂಬಾಗಿಲು ತೆಗೆದರು. ಚೀಲಗಳನ್ನು ಒಳಗೆ ಒಯ್ದು ಬಲಗಡೆಯ ಗೋಡೆಗೆ, ಉಳಿದವುಗಳಿಂದ ಎರಡು ಮಾರು ದೂರದಲ್ಲಿ ಪೇರಿಸಿದರು.